ಫುಟ್‌ಬಾಲ್ ಆಡುವ ಮಕ್ಕಳಿರುವ ಮನೆಗೆ

ಆಟ ಹೇಳಿಕೊಡುವುದು ಕೋಚ್ ಕೆಲಸ. ಕಾಲು, ಹೊಟ್ಟೆ, ನಿದ್ದೆ ನೋಡಿಕೊಳ್ಳುವುದು ಮನೆಯವರ ಕೆಲಸ. ನನ್ನ ಮಕ್ಕಳು ಬೆಂಗಳೂರಿನ ಕೆಮ್ಮಣ್ಣಿನ ಮೈದಾನಗಳಲ್ಲಿ ಆಡಿ ಬೆಳೆದವರು, ಈಗ ಮೊಮ್ಮಗಳೂ ಅದೇ ದಾರಿ ಹಿಡಿದಿದ್ದಾಳೆ. ನಮ್ಮ ಊರಿಗೆ ಈ ಹುಚ್ಚು ಹೊಸದಲ್ಲ. ಹಲಸೂರಿನ ಹತ್ತಿರದ ಗೌತಮಪುರದಲ್ಲಿ ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ.

ಮೊದಲು ಶೂ ವಿಷಯ. ಮುಂದಿನ ವರ್ಷಕ್ಕೂ ಆಗಲಿ ಅಂತ ಎರಡು ಸೈಜ್ ದೊಡ್ಡದು ಕೊಡಿಸಬೇಡಿ. ಶೂ ಒಳಗೆ ಕಾಲು ಜಾರಿದರೆ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ, ಪಾದ ಉಳುಕುತ್ತದೆ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಆಡುವಾಗ ಹಾಕುವ ದಪ್ಪ ಸಾಕ್ಸ್ ಹಾಕಿಸಿಯೇ ಅಳತೆ ನೋಡಿ. ಬೆರಳ ತುದಿಯಲ್ಲಿ ಅರ್ಧ ಬೆರಳಗಲ ಜಾಗ ಸಾಕು. ನಮ್ಮ ಗಟ್ಟಿ ನೆಲಕ್ಕೆ ಉದ್ದ ಸ್ಟಡ್ (ಶೂ ಅಡಿಯ ಮೊಳೆಯಂಥ ಮುಂಚಾಚು) ಬೇಡ, ಅಡಿಯಲ್ಲಿ ಚಿಕ್ಕ ಚಿಕ್ಕ ಉಬ್ಬುಗಳಿರುವ ಟರ್ಫ್ ಶೂ ಒಳ್ಳೆಯದು. ಅಣ್ಣನ ಜರ್ಸಿ, ಮೊಣಕಾಲ ಕೆಳಗೆ ಕಟ್ಟುವ ಶಿನ್ ಗಾರ್ಡ್ ತಮ್ಮನಿಗೆ ಬರಲಿ. ಸವೆದ ಶೂ ಮಾತ್ರ ಬೇಡ, ಅದು ಅಣ್ಣನ ಕಾಲಿನ ಆಕಾರಕ್ಕೆ ಒಗ್ಗಿಹೋಗಿರುತ್ತದೆ.

ಮಳೆಯಲ್ಲಿ ನೆನೆದ ಶೂಗಳನ್ನು ಬಿಸಿಲಿಗೆ ಇಡಬೇಡಿ, ಅಂಟು ಬಿಟ್ಟು ಅಟ್ಟೆ ಬಾಯಿ ಬಿಡುತ್ತದೆ. ಲೇಸ್ ಸಡಿಲಿಸಿ, ನಾಲಿಗೆ ಹೊರಗೆಳೆದು, ಒಳಗೆ ಹಳೇ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ. ರಾತ್ರಿ ಮಲಗುವ ಮುಂಚೆ ಪೇಪರ್ ಬದಲಾಯಿಸಿದರೆ ಬೆಳಗ್ಗೆಗೆ ಬಹುತೇಕ ಒಣಗಿರುತ್ತದೆ. ಮಕ್ಕಳ ಬೆರಳ ಸಂದಿಯನ್ನೂ ಒರೆಸಿಸಿ. ಅಲ್ಲಿ ತೇವ ಉಳಿದರೆ ತುರಿಕೆ ಗ್ಯಾರಂಟಿ.

ಇನ್ನು ಬಟ್ಟೆ. ಕೆಮ್ಮಣ್ಣು ಮೆತ್ತಿದ ಜರ್ಸಿಯನ್ನು ಹಸಿಯಾಗಿ ಉಜ್ಜಿದರೆ ಮಣ್ಣು ನೂಲಿನೊಳಗೆ ಇನ್ನಷ್ಟು ಇಳಿಯುತ್ತದೆ. ಒಣಗಲು ಬಿಡಿ. ಕೊಡವಿ, ಬ್ರಷ್‌ನಿಂದ ಉದುರಿಸಿ, ಆಮೇಲೆ ಬಟ್ಟೆ ಸೋಪು ಹಚ್ಚಿ ಅರ್ಧ ಗಂಟೆ ನೆನೆಸಿ. ರಕ್ತದ ಕಲೆಗೆ ತಣ್ಣೀರೇ ಸರಿ. ಬಿಸಿನೀರು ತಾಗಿದರೆ ಕಲೆ ಕೂತುಬಿಡುತ್ತದೆ.

ಚೆಂಡೂ ವಯಸ್ಸಿಗೆ ತಕ್ಕ ಹಾಗಿರಬೇಕು. 8 ವರ್ಷದೊಳಗೆ 3ನೇ ಸೈಜ್, ಸುಮಾರು 12ರವರೆಗೆ 4, ಆಮೇಲೆ 5. ದೊಡ್ಡವರ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ, ಎಳೆಯ ಕಾಲಿಗೆ ಅದು ಭಾರ. ಗಾಳಿ ತುಂಬುವಾಗ ಸೂಜಿ ಒದ್ದೆ ಮಾಡಿ ಚುಚ್ಚಿ, ವಾಲ್ವ್ ಹರಿಯುವುದಿಲ್ಲ.

ಮ್ಯಾಚ್ ದಿನ ಹೊಟ್ಟೆ ತುಂಬ ಪೂರಿ ಸಾಗು ತಿನ್ನಿಸಿ ಕಳಿಸಬೇಡಿ. ಎರಡು ಮೂರು ಗಂಟೆ ಮುಂಚೆ ಇಡ್ಲಿ ಅಥವಾ ಅವಲಕ್ಕಿ, ಹೊರಡುವಾಗ ಒಂದು ಬಾಳೆಹಣ್ಣು. ನಡುವೆ ನೀರು, ಸೆಕೆ ಜಾಸ್ತಿ ಇದ್ದರೆ ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ. ಮನೆಗೆ ಬಂದ ಮೇಲೆ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಬಣ್ಣದ ಡಬ್ಬಿಗಳ ಪ್ರೋಟೀನ್ ಪುಡಿ ಮಕ್ಕಳಿಗೆ ಖಂಡಿತ ಬೇಡ.

ಪಾದ ಉಳುಕಿದಾಗ ಎಣ್ಣೆ ಹಚ್ಚಿ ತಿಕ್ಕುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ದಯವಿಟ್ಟು ಮೊದಲೆರಡು ದಿನ ತಿಕ್ಕಬೇಡಿ, ಊತ ಹೆಚ್ಚುತ್ತದೆ. ಐಸ್ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಕಾಲೂರಲು ಆಗದಿದ್ದರೆ ಎಕ್ಸ್‌ರೇ ಬೇಕು. ತಲೆಗೆ ಪೆಟ್ಟು ಬಿದ್ದರೆ ಮಾತ್ರ ಯಾವ ಟ್ರೋಫಿಯೂ ಮುಖ್ಯವಲ್ಲ. ಆ ದಿನ ಆಟ ಮುಗಿಯಿತು. ವಾಂತಿ, ಮಂಪರು, ಮಾತು ತೊದಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಚಿಕ್ಕ ಮಕ್ಕಳಿಂದ ಪದೇ ಪದೇ ಹೆಡ್ಡಿಂಗ್ (ತಲೆಯಿಂದ ಚೆಂಡು ಹೊಡೆಯುವುದು) ಮಾಡಿಸುತ್ತಿದ್ದರೆ ಕೋಚ್ ಹತ್ತಿರ ಮಾತಾಡಿ. ಅಮೆರಿಕದಲ್ಲಿ 2015ರಲ್ಲೇ 10 ವರ್ಷದವರೆಗಿನ ಮಕ್ಕಳಿಗೆ ಅದನ್ನು ನಿಲ್ಲಿಸಿದರು. ಹತ್ತು ಹನ್ನೆರಡರ ವಯಸ್ಸಿನ ಮಗು ಹಿಮ್ಮಡಿ ನೋವು ಅಂದರೆ ಸೋಮಾರಿತನ ಅಂತ ಬೈಯಬೇಡಿ. ಬೆಳೆಯುವ ಮೂಳೆಗೆ ಆಟದ ಭಾರ ಜಾಸ್ತಿಯಾದಾಗ ಹಾಗಾಗುತ್ತದೆ, ಕೆಲವು ವಾರ ವಿಶ್ರಾಂತಿ ಕೊಡಿ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ಮುಟ್ಟು ಶುರುವಾಗುತ್ತಿದ್ದಂತೆ ಎಷ್ಟೋ ಹುಡುಗಿಯರು ಆಟ ಬಿಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಬಿಳಿ ಚಡ್ಡಿಯ ಭಯವೇ ಎಷ್ಟೋ ಜನರಿಗೆ ಸಾಕು. ಇಂಗ್ಲೆಂಡಿನ ಮಹಿಳಾ ತಂಡವೇ ಇದೇ ಕಾರಣಕ್ಕೆ 2023ರಲ್ಲಿ ಬಿಳಿ ಬಿಟ್ಟು ನೀಲಿಗೆ ಬಂತು. ನೀವೂ ಕೋಚ್ ಹತ್ತಿರ ಗಾಢ ಬಣ್ಣದ ಚಡ್ಡಿ ಕೇಳಿ. ಬ್ಯಾಗಿನಲ್ಲಿ ಪ್ಯಾಡ್, ಇನ್ನೊಂದು ಜೊತೆ ಒಳಉಡುಪು ಯಾವಾಗಲೂ ಇರಲಿ. ಊಟದಲ್ಲಿ ಸೊಪ್ಪು, ಕಾಳು ಜಾಸ್ತಿ ಮಾಡಿ.

ರಾತ್ರಿ ಟಿವಿ ಜಗಳ ಎಲ್ಲರ ಮನೆಯಲ್ಲೂ ಇದೆ, ಅಲ್ವಾ? ಯುರೋಪಿನ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗ್‌ನ ದೊಡ್ಡ ಮ್ಯಾಚುಗಳು ನಮಗೆ ಹೆಚ್ಚಾಗಿ ರಾತ್ರಿ ಹನ್ನೆರಡೂವರೆಗೆ. ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಗಡಿಯಾರ ಹಿಂದೆ ಹಾಕಿದ ಮೇಲೆ ಒಂದೂವರೆಗೆ. ಶಾಲೆಯ ದಿನ ಬೇಡವೇ ಬೇಡ. ಬೆಳಗ್ಗೆ ತಿಂಡಿ ತಿನ್ನುತ್ತಾ ಹೈಲೈಟ್ಸ್ ನೋಡಲಿ, ಅಲ್ಲಿಯವರೆಗೆ ಸ್ಕೋರ್ ಹೇಳದೆ ನೀವು ಬಾಯಿ ಬಿಗಿ ಹಿಡಿಯಿರಿ.

ಸೋತು ಬಂದ ದಿನ ಗಾಡಿಯಲ್ಲಿ ಪಾಠ ಮಾಡಬೇಡಿ. ನೀರು ಕೊಡಿ, ಹಸಿವಾ ಅಂತ ಕೇಳಿ. ಮಾತು ತಾನಾಗಿಯೇ ಬರುತ್ತದೆ, ಕೆಲವೊಮ್ಮೆ ಮರುದಿನ.

ಪರೀಕ್ಷೆ ಅಂತ ಆಟ ಪೂರ್ತಿ ನಿಲ್ಲಿಸುವುದೂ ಬೇಡ. ಎಸ್ಸೆಸ್ಸೆಲ್ಸಿ ವರ್ಷದಲ್ಲೂ ಸಂಜೆ ಒಂದು ಗಂಟೆ ಬಿಡಿ. ಆರೂವರೆಗೆ ಮನೆಗೆ ಬರಲಿ, ಕಾಲು ತೊಳೆದು ಏನಾದರೂ ತಿನ್ನಲಿ, ಏಳಕ್ಕೆ ಪುಸ್ತಕ ಹಿಡಿಯಲಿ.