ಒಲೆಯ ಹಿಂದಿನ ಗೋಡೆಗೆ ಏನು ಹಾಕಿಸಬೇಕು?

ಒಲೆಯ ಹಿಂದಿನ ಗೋಡೆಗೆ ಏನು ಹಾಕಿಸಲಿ ಎಂದು ಕೇಳುವವರು ಸಾಮಾನ್ಯವಾಗಿ ಬಣ್ಣದಿಂದ ಮಾತು ಶುರುಮಾಡುತ್ತಾರೆ. ನಾನು ಒರೆಸುವ ಬಟ್ಟೆಯಿಂದ ಶುರುಮಾಡುತ್ತೇನೆ. ಯಾವ ಬಣ್ಣವಾದರೂ ಕೆಲವೇ ತಿಂಗಳಲ್ಲಿ ಕಣ್ಣಿಗೆ ಒಗ್ಗಿಬಿಡುತ್ತದೆ. ಒರೆಸುವ ಕೆಲಸ ಮಾತ್ರ ಆ ಗೋಡೆ ಇರುವಷ್ಟು ದಿನವೂ ಇರುತ್ತದೆ. ಮನೆಯಲ್ಲಿ ಅದನ್ನು ಯಾರು ಮಾಡುತ್ತಾರೋ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಕೊನೆಯ ಮಾತು ಅವರದ್ದೇ ಆಗಲಿ. ಬಹಳ ವರ್ಷ ಅಡುಗೆಮನೆ ನಡೆಸಿದವಳಾಗಿ ಇದನ್ನು ಒತ್ತಿ ಹೇಳುತ್ತೇನೆ.

ಬಾಣಲೆಯಿಂದ ಏಳುವ ಎಣ್ಣೆ ಎಂದರೆ ಕಣ್ಣಿಗೆ ಕಾಣುವ ಸಿಡಿತವಷ್ಟೇ ಅಲ್ಲ. ಹಬೆಯೊಂದಿಗೆ ಹಾರುವ ಸಣ್ಣ ಕಣಗಳು ಒಲೆಯ ಅಕ್ಕಪಕ್ಕದ ಗೋಡೆಗೂ, ಮೇಲಿನ ಕಪಾಟಿನ ಅಡಿಗೂ ಹೋಗಿ ಕೂರುತ್ತವೆ. ಅಂದೇ ಒರೆಸಿದರೆ ಬಿಸಿನೀರು ಮತ್ತು ಪಾತ್ರೆ ತೊಳೆಯುವ ದ್ರವದ ಎರಡು ಹನಿ ಸಾಕು. ಬಿಟ್ಟರೆ ಗಾಳಿಗೂ ಶಾಖಕ್ಕೂ ಸಿಕ್ಕಿ, ವಾರ್ನಿಷ್ ಬಳಿದಂತೆ ಗಟ್ಟಿಯಾದ ಹಳದಿ ಪೊರೆ ಕಟ್ಟುತ್ತದೆ, ಧೂಳು ಅದಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಉಜ್ಜಿ ಉಜ್ಜಿ ಕೈ ಸೋಲಬೇಕು. ಹಾಗಾಗಿ ಒಲೆಯ ಹಿಂದೆ ಶಾಖ ತಾಳುವ, ಎಣ್ಣೆ ಹೀರದ, ನುಣುಪಾದ ಮೈ ಬೇಕು. ಸಿಂಕಿನ ಹಿಂದೆ ನೀರು ಸದಾ ಚಿಮ್ಮುವುದರಿಂದ ಒದ್ದೆಯಾದರೂ ಕೆಡದ ಮೈ ಬೇಕು. ಉಳಿದ ಗೋಡೆಗೆ ಅಷ್ಟು ಕಷ್ಟವಿಲ್ಲ, ಅಲ್ಲಿ ನಿಮ್ಮ ಮನಸ್ಸಿಗೆ ಹಿಡಿಸಿದ್ದನ್ನು ಹಾಕಿಸಬಹುದು. ಗೋಡೆಯುದ್ದಕ್ಕೂ ಒಂದೇ ವಸ್ತು ಇರಬೇಕೆಂಬ ನಿಯಮವೇನೂ ಇಲ್ಲ.

ಹೆಚ್ಚಿನ ಮನೆಗಳಿಗೆ ನಾನು ಹೇಳುವುದು ಹೊಳಪಿನ ಸಿರಾಮಿಕ್ ಟೈಲ್ಸನ್ನೇ. ವಿಟ್ರಿಫೈಡ್ ಟೈಲ್ಸ್ (ಹೆಚ್ಚು ಶಾಖದಲ್ಲಿ ಸುಟ್ಟು ಗಾಜಿನಂತೆ ಗಟ್ಟಿಯಾದದ್ದು) ಶೇ. 0.5ಕ್ಕಿಂತ ಕಡಿಮೆ ನೀರು ಹೀರುತ್ತದೆ, ಗೋಡೆಯ ಸಾಧಾರಣ ಸಿರಾಮಿಕ್ ಶೇ. 10ಕ್ಕೂ ಹೆಚ್ಚು ಹೀರುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಮಾತು ನಿಜ. ಆದರೆ ಆ ಲೆಕ್ಕ ಟೈಲ್ಸಿನ ಒಡಲಿನದು. ನೀವು ಒರೆಸುವುದು ಮೇಲಿನ, ಗಾಜಿನಂಥ ಗ್ಲೇಜ಼್ ಪದರವನ್ನು, ಅದಿದ್ದರೆ ಎರಡರಲ್ಲಿ ಯಾವುದೂ ನೀರನ್ನಾಗಲಿ ಎಣ್ಣೆಯನ್ನಾಗಲಿ ಒಳಗೆ ಬಿಡುವುದಿಲ್ಲ. ಗೋಡೆಯ ಮೇಲೆ ಯಾರೂ ನಡೆಯುವುದಿಲ್ಲವಾದ್ದರಿಂದ ನೆಲಕ್ಕೆ ಬೇಕಾದ ಗಟ್ಟಿತನವೂ ಇಲ್ಲಿ ಬೇಡ. ವಿಟ್ರಿಫೈಡ್ ಟೈಲ್ಸೇ ಬೇಕೆಂದಿದ್ದರೆ, ಅದನ್ನು ಬರಿಯ ಸಿಮೆಂಟಿನಲ್ಲಿ ಅಂಟಿಸಲು ಬಿಡಬೇಡಿ. ಅದರ ಒಡಲು ನೀರು ಹೀರದ ಕಾರಣ ಸಿಮೆಂಟಿಗೆ ಹಿಡಿತ ಸಿಗುವುದಿಲ್ಲ, ಪಾಲಿಮರ್ ಬೆರೆಸಿದ ಟೈಲ್ಸ್ ಅಂಟೇ ಬೇಕು.

ಹೊಳಪಿಲ್ಲದ ಮ್ಯಾಟ್ ಟೈಲ್ಸ್ ನೋಡಲು ಸೊಗಸು. ಒಲೆಯಿಂದ ದೂರದಲ್ಲಾದರೆ ನನ್ನ ತಕರಾರಿಲ್ಲ. ಉಬ್ಬುತಗ್ಗಿನ ಕೆತ್ತನೆ ಇರುವಂಥದ್ದನ್ನು ಮಾತ್ರ ಒಲೆಯ ಹಿಂದೆ ಖಂಡಿತ ಬೇಡ ಎನ್ನುತ್ತೇನೆ, ಬಟ್ಟೆ ಉಬ್ಬನ್ನು ಸವರಿಕೊಂಡು ಹೋಗುತ್ತದೆ, ಜಿಡ್ಡು ತಗ್ಗಿನಲ್ಲಿ ಉಳಿಯುತ್ತದೆ. ಸಂದೇಹವಿದ್ದರೆ ಅಂಗಡಿಯಿಂದ ಒಂದು ಮಾದರಿ ಟೈಲ್ಸ್ ತಂದು, ಎಣ್ಣೆ ಸವರಿ, ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಅದೇ ಮಾದರಿಯನ್ನು ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ, ಹಗಲಿನಲ್ಲೊಮ್ಮೆ, ರಾತ್ರಿ ದೀಪ ಹಾಕಿ ಇನ್ನೊಮ್ಮೆ ನೋಡಬೇಕು. ಕಪಾಟಿನ ಕೆಳಗೆ ದೀಪವಿದ್ದರಂತೂ ಇದನ್ನು ಬಿಡಲೇಬೇಡಿ. ಬೆಳಕು ಗೋಡೆಯನ್ನು ಸವರಿಕೊಂಡು ಇಳಿಯುವಾಗ ಟೈಲ್ಸಿನ ಸಣ್ಣ ಅಂಕುಡೊಂಕೂ ಎದ್ದು ಕಾಣುತ್ತದೆ. ಬಣ್ಣದ ಬಗ್ಗೆ ಒಂದೇ ಮಾತು: ಕಪ್ಪು ಬಣ್ಣದ ಹೊಳಪು ಟೈಲ್ಸಿನಲ್ಲಿ ಕೊಳೆ ಕಾಣುವುದಿಲ್ಲ ಎಂದುಕೊಳ್ಳಬೇಡಿ. ಒಣಗಿದ ನೀರಿನ ಹನಿಯ ಕಲೆ ಅದರ ಮೇಲೆ ಬಿಳಿಗಿಂತ ಹೆಚ್ಚು ಕಾಣುತ್ತದೆ.

ಈಗ ಟೈಲ್ಸ್ ನಡುವಿನ ಸಂದಿನ ವಿಷಯ. ಜನ ಟೈಲ್ಸ್ ಆರಿಸಲು ವಾರಗಟ್ಟಲೆ ತಿರುಗಿ, ಆ ಸಂದಿಗೆ ತುಂಬುವ ಗ್ರೌಟ್ ಯಾವುದೆಂಬುದನ್ನು ಕೆಲಸಗಾರನಿಗೇ ಬಿಟ್ಟುಬಿಡುತ್ತಾರೆ. ಆ ಗೋಡೆ ಕೆಲವು ವರ್ಷಗಳ ನಂತರ ಹೇಗೆ ಕಾಣುತ್ತದೆ ಎಂಬುದನ್ನು ನಿರ್ಧರಿಸುವುದು ಟೈಲ್ಸಲ್ಲ, ಅದರ ನಡುವಿನ ಗೆರೆ. ಸಿಮೆಂಟ್ ಗ್ರೌಟ್‌ನ ಮೈ ತುಂಬ ಸೂಕ್ಷ್ಮ ರಂಧ್ರಗಳಿರುತ್ತವೆ, ಎಣ್ಣೆ ಮತ್ತು ಬಣ್ಣ ಬಿಡುವ ಪದಾರ್ಥಗಳನ್ನು ಅದು ಹೀರಿಕೊಂಡರೆ ಮತ್ತೆ ಬಿಟ್ಟುಕೊಡುವುದಿಲ್ಲ. ಎಪಾಕ್ಸಿ ಗ್ರೌಟ್ ರಾಳದಿಂದ ಮಾಡಿದ್ದು, ಹೀರುವುದಿಲ್ಲ, ಕಲೆ ಹಿಡಿಯುವುದೂ ತೀರಾ ಕಡಿಮೆ. ಬೆಲೆ ಹೆಚ್ಚು, ತುಂಬುವುದೂ ಕಷ್ಟ. ಕಲಸಿದ ಮೇಲೆ ಬೇಗ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಿ ತುಂಬಿ, ಟೈಲ್ಸ್ ಮೇಲೆ ಉಳಿದ ಪೊರೆಯನ್ನು ಆಗಲೇ ಒರೆಸಿ ತೆಗೆಯಬೇಕು. ಒಣಗಿದ ಮೇಲೆ ತೆಗೆಯುವುದು ಬಹಳ ಕಷ್ಟ. ಆದ್ದರಿಂದ ಇದನ್ನು ಮೊದಲು ಮಾಡಿದ ಅನುಭವ ಇರುವವರಿಂದಲೇ ಮಾಡಿಸಿ. ಹಣ ಕಡಿಮೆಯಿದ್ದರೆ ಅಗ್ಗದ ಟೈಲ್ಸ್ ಕೊಂಡು ಎಪಾಕ್ಸಿ ಗ್ರೌಟ್ ತುಂಬಿಸಿ. ದುಬಾರಿ ಟೈಲ್ಸಿಗೆ ಸಿಮೆಂಟ್ ಗ್ರೌಟ್ ತುಂಬಿಸುವುದಕ್ಕಿಂತ ಇದೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಿಮೆಂಟ್ ಗ್ರೌಟನ್ನೇ ಹಾಕಿಸುವುದಾದರೆ ಬಿಳಿ ಬೇಡ, ತಿಳಿ ಬೂದು ಬಣ್ಣ ತೆಗೆದುಕೊಳ್ಳಿ, ಚೆನ್ನಾಗಿ ಒಣಗಿದ ಮೇಲೆ ಅದರ ಮೇಲೊಂದು ಸೀಲರ್ (ರಂಧ್ರ ಮುಚ್ಚುವ ದ್ರವ) ಹಚ್ಚಿಸಿ. ಸೀಲರ್ ಕಾಲಕ್ರಮದಲ್ಲಿ ಸವೆಯುವುದರಿಂದ ಆಗಾಗ ಮತ್ತೆ ಹಚ್ಚಬೇಕಾಗುತ್ತದೆ. ಚಿಕ್ಕ ಚಿಕ್ಕ ಮೊಸಾಯಿಕ್ ತುಂಡುಗಳಿಗೆ ಮನಸೋಲುವ ಮುನ್ನ ಒಂದು ಅಡಿ ಜಾಗದಲ್ಲಿ ಎಷ್ಟು ಗೆರೆಗಳು ಬರುತ್ತವೆ ಎಂದು ಎಣಿಸಿ ನೋಡಿ. ಟೈಲ್ಸ್ ದೊಡ್ಡದಾದಷ್ಟೂ ಗೆರೆ ಕಡಿಮೆ, ಗೆರೆ ಕಡಿಮೆಯಾದಷ್ಟೂ ಕೆಲಸ ಕಡಿಮೆ.

ಗೆರೆಯೇ ಬೇಡ ಎನ್ನುವವರಿಗೆ ಗಾಜಿನ ಹಲಗೆ ಇದೆ. ಹಿಂಬದಿಗೆ ಬಣ್ಣ ಬಳಿದ ಗಾಜು, ಒಂದು ಸಲ ಕೈಯಾಡಿಸಿದರೆ ಸ್ವಚ್ಛ. ಗ್ಯಾಸ್ ಒಲೆಯ ಹಿಂದೆ ಹಾಕುವುದು ಟಫನ್ ಮಾಡಿದ (ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಮಾಡಿದ) ಗಾಜೇ ಆಗಿರಬೇಕು, ಸಾಮಾನ್ಯವಾಗಿ 6 ಮಿಲಿಮೀಟರ್ ದಪ್ಪದ್ದು. ಸಾದಾ ಗಾಜಿನ ಒಂದು ಕಡೆ ಮಾತ್ರ ಬಿಸಿಯಾದರೆ ಅದು ಬಿರಿಯುವ ಅಪಾಯವಿದೆ. ಟಫನ್ ಮಾಡಿದ ಮೇಲೆ ಆ ಗಾಜನ್ನು ಕತ್ತರಿಸಲೂ ಆಗದು, ತೂತು ಕೊರೆಯಲೂ ಆಗದು. ಸಾಕೆಟ್ ಎಲ್ಲಿ ಬರುತ್ತದೆ, ನಲ್ಲಿಯ ಪೈಪ್ ಎಲ್ಲಿ ಬರುತ್ತದೆ ಎಂಬುದೆಲ್ಲ ಮೊದಲೇ ಅಳೆದು ಕೊಡಬೇಕು. ಅಳತೆ ತೆಗೆಯುವುದು ಕಟ್ಟೆಯ ಕಲ್ಲು ಕೂತು, ಕಪಾಟುಗಳು ಗೋಡೆಗೆ ಬಿದ್ದ ಮೇಲೆಯೇ. ಗೋಡೆ ಸಮತಟ್ಟಾಗಿಲ್ಲದಿದ್ದರೆ ಗಾಜಿನ ಆಸೆ ಬಿಟ್ಟುಬಿಡಿ, ಅಥವಾ ಮೊದಲು ಗೋಡೆ ಸರಿಮಾಡಿಸಿ. ಬಿಳಿ ಅಥವಾ ತಿಳಿ ಬಣ್ಣ ಬೇಕಾದವರು ಕಬ್ಬಿಣದ ಅಂಶ ಕಡಿಮೆ ಇರುವ ಗಾಜನ್ನು ಕೇಳಬೇಕು, ಸಾದಾ ಗಾಜಿನ ಸಹಜ ಹಸಿರು ಛಾಯೆ ಬಿಳಿಯನ್ನು ಬಿಳಿಯಾಗಿ ಉಳಿಸುವುದಿಲ್ಲ.

ಸ್ಟೇನ್‌ಲೆಸ್ ಸ್ಟೀಲಿಗೆ ಶಾಖದ ಭಯವಿಲ್ಲ, ಹೋಟೆಲಿನವರು ಅದನ್ನು ನಂಬುವುದು ಅದಕ್ಕೇ. ಗೀರು ಬೀಳುತ್ತದೆ, ಬೆರಳಿನ ಗುರುತು ನಿಲ್ಲುತ್ತದೆ. ಕನ್ನಡಿ ಹೊಳಪಿನದಕ್ಕಿಂತ ಸಣ್ಣ ಗೆರೆಗಳ ಬ್ರಶ್ ಮೈ ಇರುವುದನ್ನು ಕೊಂಡು, ಗೆರೆಗಳ ದಿಕ್ಕಿನಲ್ಲೇ ಒರೆಸಿ. ಬ್ಲೀಚ್ ಮಾತ್ರ ತಾಗಿಸಬೇಡಿ, ಅದರಲ್ಲಿನ ಕ್ಲೋರಿನ್ ಸ್ಟೀಲಿನ ಮೇಲೆ ಸಣ್ಣ ಗುಳಿಗಳನ್ನು ಕೊರೆಯುತ್ತದೆ.

ಅಮೃತಶಿಲೆಯನ್ನು ಒಲೆಯ ಹಿಂದೆ ಹಾಕಿಸಬೇಡಿ ಎಂದು ಬೇಡಿಕೊಳ್ಳುತ್ತೇನೆ. ಅದು ಸುಣ್ಣದ ಜಾತಿಯ ಕಲ್ಲು. ನಿಂಬೆರಸವೋ ವಿನೆಗರೋ ಬಿದ್ದರೆ ಆಮ್ಲ ಅದರ ಹೊಳಪನ್ನು ತಿಂದು ಮಂಕು ಕಲೆ ಉಳಿಸುತ್ತದೆ. ಅದು ಮೇಲೆ ಕೂತ ಕಲೆಯಲ್ಲ, ಕಲ್ಲೇ ಸವೆದಿರುತ್ತದೆ, ತೊಳೆದರೆ ಹೋಗುವುದಿಲ್ಲ. ಗ್ರಾನೈಟ್ ಈ ವಿಷಯದಲ್ಲಿ ಗಟ್ಟಿ, ಸೀಲರ್ ಹಚ್ಚಿಸಿದರೆ ಸಾಕು. ಕ್ವಾರ್ಟ್ಜ್ ಹಲಗೆಯಲ್ಲಿ ಕಲ್ಲಿನ ಪುಡಿಯನ್ನು ಹಿಡಿದಿಟ್ಟಿರುವುದು ರಾಳ. ಆ ರಾಳ ಹೆಚ್ಚು ಶಾಖಕ್ಕೆ ಬಣ್ಣಗೆಡುತ್ತದೆ, ಹಾಗಾಗಿ ಉರಿಯ ಹತ್ತಿರ ಅದು ಬೇಡ. ಅಕ್ರಿಲಿಕ್ ಮತ್ತು ಪಿವಿಸಿ ಹಲಗೆಗಳೂ ಅಂಟಿಸುವ ಹಾಳೆಗಳೂ ಶಾಖಕ್ಕೆ ಮೆತ್ತಗಾಗುವಂಥವು, ಬೆಂಕಿ ಹೊತ್ತಿಕೊಳ್ಳುವ ಭಯವೂ ಇದೆ. ಸಿಂಕಿನ ಹಿಂದೆ ಹಾಕಿ, ಗ್ಯಾಸ್ ಒಲೆಯ ಹಿಂದೆ ಎಂದಿಗೂ ಬೇಡ.

ಎತ್ತರದಲ್ಲಿ ಜಿಪುಣತನ ಮಾಡಬೇಡಿ. ಕಟ್ಟೆಯಿಂದ ಮೇಲಿನ ಕಪಾಟಿನವರೆಗೆ ಪೂರ್ತಿ ಇರಲಿ, ಒಲೆಯ ಹಿಂದೆ ಚಿಮಣಿಯ ಅಡಿಯವರೆಗೂ ಏರಿಸಿ. ನಡುವೆ ಒಂದು ಗೇಣು ಬಣ್ಣದ ಗೋಡೆ ಬಿಟ್ಟರೆ ಜಿಡ್ಡು ಅಲ್ಲೇ ಕೂರುತ್ತದೆ. ಹಳೆಯ ಟೈಲ್ಸಿನ ಮೇಲೆಯೇ ಹೊಸದನ್ನು ಅಂಟಿಸಬಹುದು, ಆದರೆ ಮೊದಲು ಒಂದೊಂದನ್ನೂ ಬೆರಳ ಗಂಟಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದದ್ದನ್ನು ಕಿತ್ತು ಆ ಜಾಗ ಸರಿಮಾಡಿಸಬೇಕು. ಗೋಡೆ ದಪ್ಪವಾಗುವುದರಿಂದ ಸಾಕೆಟ್‌ಗಳನ್ನು ಮುಂದಕ್ಕೆ ತರಬೇಕಾಗುತ್ತದೆ, ಅದನ್ನು ಎಲೆಕ್ಟ್ರಿಷಿಯನ್‌ಗೆ ಮೊದಲೇ ತಿಳಿಸಿ.

ಕಟ್ಟೆಯೂ ಗೋಡೆಯೂ ಸೇರುವ ಮೂಲೆಗೆ ಗ್ರೌಟ್ ತುಂಬಿಸಬೇಡಿ. ಅವೆರಡೂ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುವುದರಿಂದ ಗ್ರೌಟ್ ಬಿರುಕು ಬಿಟ್ಟು, ನೀರು ಒಳಗಿಳಿದು ಕೆಳಗಿನ ಕಪಾಟಿನ ಮರ ಉಬ್ಬುತ್ತದೆ. ಅಲ್ಲಿಗೆ ಬೂಷ್ಟು ಹಿಡಿಯದ, ರಬ್ಬರಿನಂತೆ ಬಾಗುವ ಸಿಲಿಕೋನ್ ಅಂಟನ್ನು ಎಳೆಯಿಸಿ. ಕಟ್ಟೆ ಕಲ್ಲಿನದಾದರೆ ಹುಳಿ ವಾಸನೆ ಬರುವ ಬಗೆಯದು ಬೇಡ, ಕಲ್ಲಿಗೆ ಹಾನಿ ಮಾಡದ ನ್ಯೂಟ್ರಲ್ ಬಗೆಯದನ್ನು ಕೇಳಿ. ಎಳೆದ ಮೇಲೆ ಕನಿಷ್ಠ ಒಂದು ದಿನ ಅಲ್ಲಿ ನೀರು ಬೀಳಬಾರದು. ಟೈಲ್ಸ್ ತರುವಾಗ ಲೆಕ್ಕಕ್ಕಿಂತ ಶೇ. 10ರಷ್ಟು ಹೆಚ್ಚು ತನ್ನಿ, ಪ್ರತಿ ಪೆಟ್ಟಿಗೆಯ ಮೇಲಿನ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಉಳಿದ ನಾಲ್ಕಾರು ಟೈಲ್ಸನ್ನು ಆ ಸಂಖ್ಯೆ ಇರುವ ಪೆಟ್ಟಿಗೆಯಲ್ಲೇ ಅಟ್ಟದ ಮೇಲೆ ಎತ್ತಿಡಿ. ಮುಂದೊಂದು ದಿನ ನಲ್ಲಿಯ ಪೈಪಿಗೆಂದು ಗೋಡೆ ಒಡೆಯಬೇಕಾಗಿ ಬಂದರೆ ಅದೇ ಬಣ್ಣದ ತುಂಡು ಬೇರೆಲ್ಲೂ ಸಿಗುವುದಿಲ್ಲ.