ಮೀಟರ್ ಮುಳ್ಳು ಕುಣಿದರೆ ಮೊದಲು ಕೇಬಲ್ ನೋಡಿ

ನಮ್ಮ ಹಳೆಯ ಡೀಸೆಲ್ ಪಿಕಪ್‌ನಲ್ಲಿ ಸ್ಪೀಡೋಮೀಟರ್ ಮುಳ್ಳು 20ರಿಂದ 60ರವರೆಗೆ ಕುಣಿಯುತ್ತಿತ್ತು. ವೇಗ ಹೆಚ್ಚಿದಂತೆ ಡ್ಯಾಶ್‌ಬೋರ್ಡ್ ಒಳಗಿಂದ ಕರಕರ ಸದ್ದು. ಗೇರ್‌ಬಾಕ್ಸ್‌ನಿಂದ ಕೇಬಲ್ ತಿರುಗಿ ನಡೆಯುವ ಹಳೇ ಮಾದರಿ ಇದು, ಸೆನ್ಸರ್ ಇಲ್ಲ. ಇಂಥದ್ದನ್ನು ಬಿಚ್ಚುವ ಮೊದಲು ಮುಳ್ಳನ್ನೂ ಕಿಲೋಮೀಟರ್ ಅಂಕಿಗಳನ್ನೂ ಒಟ್ಟಿಗೆ ಗಮನಿಸಬೇಕು. ದೋಷ ಎಲ್ಲಿದೆ ಎಂದು ಅವೇ ಹೇಳುತ್ತವೆ.

ಮೀಟರಿನೊಳಗೆ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮೇಲೆ, ತಾಗದಂತೆ, ಅಲ್ಯೂಮಿನಿಯಂ ಬಟ್ಟಲು. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಅದನ್ನು ಎಳೆಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಹಿಂದಕ್ಕೆ ಜಗ್ಗುತ್ತದೆ. ಎರಡೂ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಅಂಕಿಗಳು ಹಾಗಲ್ಲ, ಹಲ್ಲಿನ ಚಕ್ರಗಳಿಂದ ನೇರವಾಗಿ ಓಡುತ್ತವೆ. ಹಾಗಾಗಿ ಎರಡೂ ನಿಂತಿದ್ದರೆ ಕೇಬಲ್ ತುಂಡಾಗಿದೆ, ಇಲ್ಲವೇ ಗೇರ್‌ಬಾಕ್ಸ್ ಕಡೆಯ ಪ್ಲಾಸ್ಟಿಕ್ ಪಿನಿಯನ್, ಅಂದರೆ ಕೇಬಲ್ ತಿರುಗಿಸುವ ಚಿಕ್ಕ ಹಲ್ಲಿನ ಚಕ್ರ, ಸವೆದಿದೆ. ಅಂಕಿ ಓಡುತ್ತಾ ಮುಳ್ಳು ಮಾತ್ರ ಮಲಗಿದ್ದರೆ, ಅಥವಾ ಮುಳ್ಳು ಸರಿಯಿದ್ದು ಅಂಕಿ ನಿಂತಿದ್ದರೆ, ದೋಷ ಮೀಟರಿನದು. ಅಂಕಿ ಸರಿಯಾಗಿ ಓಡುತ್ತಾ ಮುಳ್ಳು ಕುಣಿಯುತ್ತಿದ್ದರೆ ಹೆಚ್ಚಾಗಿ ಕೇಬಲ್ಲೇ ಕಾರಣ: ಒಳವೈರು ಎಲ್ಲೋ ಹಿಡಿದು, ತಿರುಚಿಕೊಂಡು, ಒಮ್ಮೆಲೇ ಬಿಡುತ್ತದೆ. ಒಟ್ಟು ಸುತ್ತು ಬದಲಾಗುವುದಿಲ್ಲ, ವೇಗ ಮಾತ್ರ ಏರಿಳಿಯುತ್ತದೆ.

ಬ್ಯಾಟರಿಯ ನೆಗೆಟಿವ್ ತೆಗೆದು, ಮೀಟರಿನ ಹಿಂದಿನ ಕೇಬಲ್ ನಟ್ಟನ್ನು ಕೈಯಲ್ಲೇ ಬಿಚ್ಚಿದೆ. ಬಿಗಿಯಾಗಿದ್ದರೆ ಬಟ್ಟೆ ಸುತ್ತಿ ಪ್ಲೈಯರ್ ಹಾಕಿ. ಬರಿಯ ಪ್ಲೈಯರಿಗೆ ನಟ್ ಚಪ್ಪಟೆಯಾಗುತ್ತದೆ. ಒಳವೈರನ್ನು ಹೊರಗೆಳೆದು ಸೀಮೆಎಣ್ಣೆಯಲ್ಲಿ ಒರೆಸಿ, ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ ನೋಡಬೇಕು. ಒಂದು ಕಡೆ ಕುಪ್ಪಳಿಸಿದರೆ ಅಲ್ಲಿ ಮಡಿಕೆ ಬಿದ್ದಿದೆ ಎಂದರ್ಥ, ನೇರ ಮಾಡಿ ಪ್ರಯೋಜನವಿಲ್ಲ. ನಮ್ಮದರಲ್ಲಿ ಸೈಲೆನ್ಸರ್ ಪೈಪಿನ ಹತ್ತಿರ ಔಟರ್‌ನ (ಕೇಬಲ್ಲಿನ ಹೊರಕವಚದ) ಪ್ಲಾಸ್ಟಿಕ್ ಕರಗಿತ್ತು, ಅದೇ ಜಾಗದಲ್ಲಿ ಒಳವೈರಿನ ಮೂರು ಎಳೆ ಹರಿದಿದ್ದವು. ತುದಿಯ ಚೌಕವನ್ನೂ ಪರೀಕ್ಷಿಸಿ. ಮೂಲೆ ಸವೆದು ದುಂಡಾದರೆ ಜಾರುತ್ತದೆ.

ಹೊಸ ಕೇಬಲ್ ಕೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ಉದ್ದ, ನಟ್ಟಿನ ಮರೆ (ಥ್ರೆಡ್), ಚೌಕದ ಅಳತೆ ಮೂರನ್ನೂ ಹೋಲಿಸಿ. ಒಳವೈರು ತುಸು ಉದ್ದವಾದರೂ ನಟ್ ಬಿಗಿದಾಗ ಅಯಸ್ಕಾಂತವನ್ನು ಬಟ್ಟಲಿಗೆ ಒತ್ತುತ್ತದೆ, ಮುಳ್ಳು ಡಯಲ್ಲಿನ ಕೊನೆಯ ಅಂಕಿಗೆ ಹಾರಿ ಅಲ್ಲೇ ನಿಲ್ಲುತ್ತದೆ. ಜೋಡಿಸಿದ ಮೇಲೂ ಒಳವೈರಿಗೆ ಒಂದೆರಡು ಮಿಲಿಮೀಟರ್ ಆಟ ಇರಲೇಬೇಕು. ತಿರುವುಗಳ ತ್ರಿಜ್ಯ 15 ಸೆಂಟಿಮೀಟರಿಗಿಂತ ಕಡಿಮೆಯಾಗಬಾರದು, ಮೀಟರಿಗೆ ಸೇರುವ ಕಡೆಯ 5 ಸೆಂಟಿಮೀಟರ್ ನೇರವಾಗಿರಬೇಕು. ಸೈಲೆನ್ಸರಿನಿಂದ ದೂರಕ್ಕೆ ಕ್ಲಿಪ್ ಹಾಕಿ ಕಟ್ಟಿದೆ.

ಗ್ರೀಸ್ ವಿಷಯದಲ್ಲಿ ಕೈ ಬಿಗಿ ಇರಲಿ. ಬೆರಳಲ್ಲಿ ತೆಳುವಾಗಿ ಸವರಿದಷ್ಟು ಲಿಥಿಯಂ ಗ್ರೀಸ್ ಸಾಕು. ಮೀಟರ್ ಕಡೆಯ 15 ಸೆಂಟಿಮೀಟರಿಗೆ ಹಚ್ಚಲೇಬಾರದು. ಒಳವೈರಿನ ಹೆಣಿಗೆ ಸ್ಕ್ರೂವಿನಂತೆ ಕೆಲಸ ಮಾಡಿ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ; ಅದು ಬಟ್ಟಲಿಗೂ ಅಯಸ್ಕಾಂತಕ್ಕೂ ನಡುವೆ ತುಂಬಿದರೆ ಮುಳ್ಳನ್ನು ಎಳೆದುಕೊಂಡು ಹೋಗುತ್ತದೆ. ಪಿನಿಯನ್ನಿನ ಆಯಿಲ್ ಸೀಲ್ ಸೋರಿದರೂ ಹೀಗೇ, ಗೇರ್ ಆಯಿಲ್ ಕೇಬಲ್ ಹತ್ತಿ ಬರುತ್ತದೆ. ನಮ್ಮ ಕೇಬಲ್ಲಿನ ಕೆಳತುದಿ ಎಣ್ಣೆಯಲ್ಲಿ ತೊಯ್ದಿತ್ತು. ಸೀಲ್ ಮತ್ತು ಓ-ರಿಂಗ್ ಬದಲಾಯಿಸದೆ ಹೊಸ ಕೇಬಲ್ ಹಾಕಿದ್ದರೆ ದಂಡ.

ಕರಕರ ಸದ್ದಿಗೆ ಮೀಟರಿನ ಸ್ಪಿಂಡಲ್ ಒಣಗಿದ್ದೂ ಕಾರಣ. ಬಹಳ ಮೀಟರುಗಳಲ್ಲಿ ಕೇಬಲ್ ಕೂರುವ ಜಾಗದ ಪಕ್ಕ ಚಿಕ್ಕ ಲೋಹದ ಮುಚ್ಚಳ, ಅದರಡಿ ಉಣ್ಣೆಯ ಬತ್ತಿ ಇರುತ್ತದೆ. ಅದಕ್ಕೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಸಾಕು. ಸ್ಪ್ರೇ ಹೊಡೆಯಬೇಡಿ, ಡಯಲ್ಲಿನ ಬಣ್ಣ ಹೋಗುತ್ತದೆ. ಮೀಟರ್ ತೆರೆಯಲೇಬೇಕಾದರೆ ಸ್ಪ್ರಿಂಗನ್ನು ಮುಟ್ಟಬೇಡಿ. ಅಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಪುಡಿಯನ್ನು ಅಂಟುಟೇಪಿನಿಂದ ತೆಗೆಯಿರಿ.

ಮೀಟರನ್ನು ಕೂರಿಸುವ ಮೊದಲು ಡ್ರಿಲ್‌ನಿಂದ ಪರೀಕ್ಷಿಸಬಹುದು. ಹಳೆಯ ಒಳವೈರಿನ ಚೌಕತುದಿಯ ತುಂಡನ್ನು ಡ್ರಿಲ್ಲಿಗೆ ಕಚ್ಚಿಸಿ, ಚೌಕವನ್ನು ಮೀಟರಿಗೆ ತೂರಿಸಿ ನಿಧಾನ ತಿರುಗಿಸಿ. ಅಂಕಿ ಏರುವ ದಿಕ್ಕೇ ಸರಿಯಾದ ದಿಕ್ಕು. 60 ಕಿಲೋಮೀಟರ್ ವೇಗವೆಂದರೆ ನಿಮಿಷಕ್ಕೊಂದು ಕಿಲೋಮೀಟರ್, ಹಾಗಾಗಿ ಕಿಲೋಮೀಟರಿಗೆ ಕೇಬಲ್ ಎಷ್ಟು ಸುತ್ತಬೇಕೋ ಅಷ್ಟೇ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟೇ ಸುತ್ತಿನಲ್ಲಿ) ಮುಳ್ಳು 60 ತೋರಬೇಕು. ಜಪಾನಿ ಮಾದರಿಯವಕ್ಕೆ ಅದು 637. ಕೆಲವು ಡಯಲ್ಲುಗಳ ಮೇಲೆ ಈ ಸಂಖ್ಯೆ ಚಿಕ್ಕದಾಗಿ ಅಚ್ಚಾಗಿರುತ್ತದೆ.

ರಸ್ತೆಯಲ್ಲಿ, ಮುಳ್ಳು 50ರಲ್ಲಿ ನಿಂತಿದ್ದಾಗ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ 72 ಸೆಕೆಂಡ್ ಹಿಡಿಯಬೇಕು. ಮುಳ್ಳೂ ಅಂಕಿಯೂ ಒಂದೇ ಪ್ರಮಾಣದಲ್ಲಿ ಹೆಚ್ಚು ತೋರಿದರೆ ಮೀಟರ್ ನಿರಪರಾಧಿ, ಟೈರ್ ಅಳತೆ ನೋಡಿ. 7.00-16 ಇದ್ದಲ್ಲಿ 215/75 ಆರ್15 ಹಾಕಿದರೆ ಚಕ್ರದ ಸುತ್ತಳತೆ ಹತ್ತಿರ ಹತ್ತಿರ ಶೇಕಡಾ 10 ತಗ್ಗುತ್ತದೆ. ಅದಕ್ಕೆ ಮದ್ದು ಹೆಚ್ಚು ಹಲ್ಲಿನ ಪಿನಿಯನ್, ಸ್ಪ್ರಿಂಗ್ ತಿರುವುದಲ್ಲ.