ಈಜಿಪ್ಟ್ ಟ್ಯಾರೋ: ಕಪಾಟಿಗೆ ಯಾವುದು, ಮೇಜಿಗೆ ಯಾವುದು?

ಮೈಸೂರಿನಲ್ಲಿ ನನ್ನ ಹತ್ತಿರ ಟ್ಯಾರೋ, ಅಂದರೆ ಚಿತ್ರದ ಎಲೆ (ಕಾರ್ಡ್) ನೋಡಿ ಹೇಳುವ ಭವಿಷ್ಯ, ಕೇಳಲು ಬರುವವರಿಗೆ ಈಜಿಪ್ಟ್ ಚಿತ್ರದ ಡೆಕ್ (ಎಲೆಗಳ ಕಟ್ಟು) ಕಂಡರೆ ಕುತೂಹಲ ಜಾಸ್ತಿ. "ಯಾವುದು ತಗೊಳ್ಳಲಿ ಮೇಡಂ?" ಅಂತಾರೆ. ನೋಡೋಕಾ, ಓದೋಕಾ (ಅಂದರೆ ಭವಿಷ್ಯ ಹೇಳೋಕಾ) ಅಂತ ನಾನು ತಿರುಗಿ ಕೇಳುತ್ತೇನೆ. ಎರಡಕ್ಕೂ ಒಂದೇ ಡೆಕ್ ಆಗುವುದಿಲ್ಲ.

ಟ್ಯಾರೋ ಹುಟ್ಟಿದ್ದು ಈಜಿಪ್ಟಿನಲ್ಲಲ್ಲ, 15ನೇ ಶತಮಾನದ ಉತ್ತರ ಇಟಲಿಯಲ್ಲಿ. ಅದೂ ಇಸ್ಪೀಟಿನ ಹಾಗೆ ಆಡುವುದಕ್ಕೆ. ಈಜಿಪ್ಟಿನ ನಂಟು ಕಟ್ಟಿದ್ದು 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಿನ್ ಎಂಬ ಲೇಖಕ. ಶಾಂಪೋಲಿಯೋ ಎಂಬ ವಿದ್ವಾಂಸ ಈಜಿಪ್ಟಿನ ಚಿತ್ರಲಿಪಿಯನ್ನು ಓದಿ ಬಿಡಿಸಿದ್ದೇ 1822ರಲ್ಲಿ! ಹಾಗಾಗಿ 'ಫೇರೋಗಳ ಗುಟ್ಟು' ಅಂತ ಮಾರುವವರಿಗೆ ಒಂದು ರೂಪಾಯಿನೂ ಜಾಸ್ತಿ ಕೊಡಬೇಡಿ. ಚಿತ್ರಕ್ಕೆ ದುಡ್ಡು ಕೊಡಿ.

ಚಿತ್ರ ಅಂದರೆ ನೆಫರ್ತಾರಿ ಡೆಕ್. ಸಿಲ್ವಾನಾ ಅಲಾಸಿಯಾ ಬರೆದದ್ದು, ಇಟಲಿಯ ಟ್ಯೂರಿನ್‌ನ ಲೊ ಸ್ಕರಬೆಯೊ ಪ್ರಕಾಶನ ತಂದದ್ದು. ಹಿನ್ನೆಲೆಗೆ ಪೂರ್ತಿ ಚಿನ್ನದ ಬಣ್ಣದ ಫಾಯಿಲ್. ಕೈಯಲ್ಲಿ ಹಿಡಿದು ಸ್ವಲ್ಪ ಓರೆ ಮಾಡಿದರೆ ದೇವತೆಗಳು ಎದ್ದು ಬಂದಂತೆ ಕಾಣುತ್ತಾರೆ. ಆದರೆ ಟ್ಯೂಬ್‌ಲೈಟ್ ಕೆಳಗೆ ಹರಡಿ ನೋಡಿ, ಎದುರು ಕೂತವರಿಗೆ ಬರೀ ಹೊಳಪು. ಬೆರಳಚ್ಚೂ ಕೂರುತ್ತದೆ. ನಾನು ಅದನ್ನು ಹಗಲು ಹೊತ್ತು, ಕಿಟಕಿ ಪಕ್ಕ ಮಾತ್ರ ತೆಗೆಯುವುದು.

ಈಜಿಪ್ಟಿನ ಥೋಥ್ ದೇವರ ಹೆಸರಿನ ಥೋಥ್ ಡೆಕ್ ಪೂರ್ತಿ ಈಜಿಪ್ಟ್ ಅಲ್ಲ. ಇಂಗ್ಲೆಂಡಿನ ಗುಪ್ತವಿದ್ಯೆಯ ಲೇಖಕ ಕ್ರೌಲಿ ಹೇಳಿದಂತೆ ಫ್ರೀಡಾ ಹ್ಯಾರಿಸ್ 1938ರಿಂದ 1943ರವರೆಗೆ ಬಿಡಿಸಿದ್ದು. ಡೆಕ್ ಆಗಿ ಅಚ್ಚಾಗಿದ್ದು 1969ರಲ್ಲಿ. ಒಳಗೆ ಜ್ಯೋತಿಷ್ಯ, ಕಬಾಲಾ (ಯಹೂದಿಗಳ ಗೂಢವಿದ್ಯೆ) ಎಲ್ಲಾ ಉಂಟು. ಆದರೂ ಓದೋಕೆ ನನಗೆ ಇದೇ ಇಷ್ಟ. ಇದರಲ್ಲಿ ನ್ಯಾಯದ ಎಲೆಗೆ ಅಡ್ಜಸ್ಟ್‌ಮೆಂಟ್ ಅಂತ ಹೆಸರು. ಕತ್ತಿ ಹಿಡಿದ ಹೆಂಗಸು, ತಲೆಯ ಮೇಲೆ ಈಜಿಪ್ಟಿನ ಸತ್ಯ-ನ್ಯಾಯದ ದೇವತೆ ಮಾತ್‌ಳ ಉಷ್ಟ್ರಪಕ್ಷಿ ಗರಿ. ಸತ್ತವರ ಹೃದಯವನ್ನು ಆ ಗರಿಯ ಎದುರು ತೂಗುತ್ತಾರೆ, ಥೋಥ್ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಾನೆ ಅಂತ ಒಬ್ಬ ಹುಡುಗಿಗೆ ವಿವರಿಸುತ್ತಿದ್ದೆ. "ಹಂಗಾದ್ರೆ ಇವನು ಅವರ ಚಿತ್ರಗುಪ್ತ ಅಲ್ವಾ ಅಕ್ಕ?" ಅಂದಳು. ಆಮೇಲೆ ನಾನು ವಿವರಿಸೋದೇ ಬೇಕಾಗಲಿಲ್ಲ.

ಅರ್ಜೆಂಟೀನಾದ ಕಿಯರ್ ಡೆಕ್ಕಿನ ದಾರಿಯೇ ಬೇರೆ. ಬೇರೆ ಡೆಕ್ಕುಗಳಲ್ಲಿ ಆಟೀನು, ಡೈಮಂಡ್ ಥರ ನಾಲ್ಕು ಗುಂಪು ಇರುತ್ತವೆ. ಇಲ್ಲಿ ಅದಿಲ್ಲ, 1ರಿಂದ 78ರವರೆಗೆ ಸಾಲಾಗಿ ನಂಬರು. 23ನೆಯದು ಉಳುವವಳು, 24ನೆಯದು ನೇಯುವವಳು. ಎಲ್ಲೆಡೆ ಬಳಕೆಯಲ್ಲಿರುವ ರೈಡರ್-ವೇಟ್ ಡೆಕ್ಕಿನ ಅರ್ಥ ಬಾಯಿಪಾಠ ಮಾಡಿಕೊಂಡು ಬಂದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಅದೇ ಸಂಗ್ರಹ ಮಾಡುವವರಿಗೆ ಇದಕ್ಕಿಂತ ಒಳ್ಳೆ ಡೆಕ್ ಸಿಗುವುದು ಕಷ್ಟ. ನಾನಂತೂ ನಮ್ಮ ಮೈಸೂರು ಗಂಜೀಫಾ ಎಲೆಗಳ ಪಕ್ಕದಲ್ಲೇ ಇಟ್ಟಿದ್ದೇನೆ.

ಓದುವುದಕ್ಕೆ ಕೊಳ್ಳುವವರು ಒಂದು ನೋಡಿಕೊಳ್ಳಿ. ರೈಡರ್-ವೇಟ್‌ನಲ್ಲಿ 8 ಶಕ್ತಿ, 11 ನ್ಯಾಯ. ಥೋಥ್‌ನಲ್ಲಿ ಇದು ಅದಲು ಬದಲು. ನಂಬರು ನೋಡಿ ಅರ್ಥ ಹೇಳುವ ಅಭ್ಯಾಸ ಇದ್ದರೆ ಮೊದಲ ವಾರ ಮನೆಯವರಿಗೇ ಓದಿ, ದುಡ್ಡು ಕೊಡುವವರಿಗೆ ಬೇಡ.